ಗುರುವಾರದ ಲ್ಯಾಬ್, ಒಂದು ಡಿ ಗ್ರೇಡ್

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಹದಿನಾಲ್ಕು ವರ್ಷದಿಂದ ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಮಗಳು ಈಗ 12ನೇ ಕ್ಲಾಸಿಗೆ ಬಂದಿದ್ದಾಳೆ, ಕಾಲೇಜಿಗೆ ಅರ್ಜಿ ಹಾಕಬೇಕು. 10ನೇ ಕ್ಲಾಸಿನ ಮೊದಲ ಸೆಮಿಸ್ಟರ್‌ವರೆಗೂ ಎಲ್ಲಾ ಎ ಗ್ರೇಡ್. ಆ ವರ್ಷ ಮಾರ್ಚ್‌ನಲ್ಲಿ ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು. ಆಪರೇಷನ್ ಆಯಿತು, ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಕೀಮೋ, ಆಮೇಲೆ ರೇಡಿಯೇಷನ್. ಅತ್ತೆಯವರಿಗೆ ವೀಸಾ ಸಿಗಲಿಲ್ಲ, ಹಾಗಾಗಿ ಏಳು ವರ್ಷದ ಮಗನನ್ನು ಮಗಳೇ ನೋಡಿಕೊಂಡಳು. ಈಗ ಹೆಂಡತಿ ಹುಷಾರಾಗಿದ್ದಾಳೆ, ಆದರೆ ಮಗಳ 11ನೇ ಕ್ಲಾಸಿನ ಮೊದಲ ಸೆಮಿಸ್ಟರ್ ಹಾಳಾಯಿತು. ಎರಡು ಬಿ, ಮೂರು ಸಿ, ಕೆಮಿಸ್ಟ್ರಿಯಲ್ಲಿ ಡಿ! ಬೇಸಿಗೆಯಲ್ಲಿ ಆ ಕೆಮಿಸ್ಟ್ರಿಯನ್ನು ಮತ್ತೆ ಓದಿ ಬಿ ತೆಗೆದಳು. ಭರತನಾಟ್ಯ ಬಿಟ್ಟಳು, ಬೇರೆ ಚಟುವಟಿಕೆ ಏನೂ ಇಲ್ಲ. ಮನೆ ಮಾತು ಮನೆಯಲ್ಲೇ ಇರಲಿ ಅಂತ ನಾವು ಸ್ಕೂಲಿಗೆ ಏನೂ ಹೇಳಿರಲಿಲ್ಲ. ಈಗ ಒಬ್ಬ ಅಡ್ಮಿಷನ್ ಕನ್ಸಲ್ಟೆಂಟ್ 'ಕ್ಯಾನ್ಸರ್ ವಿಷಯವನ್ನೇ ಅರ್ಜಿಯ ಎಸ್ಸೇ ಮಾಡಿ, ಓದಿದವರು ಅಳಬೇಕು' ಎನ್ನುತ್ತಿದ್ದಾರೆ. ಮಗಳು ಸುತರಾಂ ಒಪ್ಪುತ್ತಿಲ್ಲ. ಆ ಡಿ ಕಾಣದ ಹಾಗೆ ಮಾಡಬಹುದಾ? ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ (ಯುಸಿ) ಚಾನ್ಸ್ ಇದೆಯಾ? ಗ್ರೇಡ್ ಶೀಟು, ಮಗಳು ಬರೆದ ಟಿಪ್ಪಣಿ ಎರಡನ್ನೂ ಜೊತೆಗಿಟ್ಟಿದ್ದೇನೆ.
(ಹೆಸರು ಬೇಡ)

ಉತ್ತರ: ನಿಮ್ಮ ಮನೆಯವರು ಹುಷಾರಾಗಿದ್ದಾರೆ ಅನ್ನೋದಕ್ಕೆ ಪತ್ರದಲ್ಲಿ ಅರ್ಧ ವಾಕ್ಯ ಸಿಕ್ಕಿದೆ. ಉಳಿದರ್ಧದಿಂದ ಮುಂದೆಲ್ಲಾ ಗ್ರೇಡಿನದೇ ಗೋಳು. ನನಗೆ ಉಸಿರು ನಿರಾಳವಾದದ್ದು ಆ ಮೊದಲ ಅರ್ಧ ಓದಿದಾಗ. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಇನ್ನು ಲೆಕ್ಕಕ್ಕೆ ಬರೋಣ. ನೀವು 'ಹಾಳಾಯಿತು' ಅಂತ ಬರೆದಿದ್ದೀರಿ, ಆದರೆ ಕೂಡಿ ನೋಡಿದ ಹಾಗೆ ಕಾಣಲಿಲ್ಲ. ಯುಸಿಯವರು ಜಿಪಿಎಗೆ, ಅಂದರೆ ಗ್ರೇಡುಗಳ ಸರಾಸರಿಗೆ, ಹಿಡಿಯೋದು 10 ಮತ್ತು 11ನೇ ಕ್ಲಾಸಿನ ಗ್ರೇಡುಗಳನ್ನು. 9ನೇ ಕ್ಲಾಸಿನ ವಿಷಯಗಳು ಬೇಕು, ಗ್ರೇಡು ಜಿಪಿಎಗೆ ಸೇರಲ್ಲ. ಪ್ಲಸ್ಸು, ಮೈನಸ್ಸು ನೋಡಲ್ಲ. ನಿಮ್ಮ ಮಗಳಿಗೆ ನಾಲ್ಕು ಸೆಮಿಸ್ಟರ್, ಒಂದೊಂದರಲ್ಲಿ ಆರು ವಿಷಯ, ಒಟ್ಟು 24 ಗ್ರೇಡು. ಎ ಗೆ 4, ಬಿ ಗೆ 3, ಸಿ ಗೆ 2, ಡಿ ಗೆ 1. 10ನೇ ಕ್ಲಾಸಿನ ಮೊದಲ ಸೆಮಿಸ್ಟರಿಗೆ 24. ಎರಡನೆಯದರಲ್ಲಿ ಎರಡು ಎ, ಮೂರು ಬಿ, ಒಂದು ಸಿ: 19. ನೀವು ಅಳುತ್ತಿರೋ ಸೆಮಿಸ್ಟರಿಗೆ 13. ಅದರ ಮುಂದಿನದರಲ್ಲಿ ನಾಲ್ಕು ಎ, ಎರಡು ಬಿ: 22. ಒಟ್ಟು 78. ಡಿ ಬಂದ ವಿಷಯವನ್ನು ಮತ್ತೆ ಓದಿ ಸಿ ಅಥವಾ ಅದಕ್ಕಿಂತ ಒಳ್ಳೆ ಗ್ರೇಡ್ ತೆಗೆದರೆ ಯುಸಿಯವರು ಹೊಸದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಅಂದರೆ 80. 11ನೇ ಕ್ಲಾಸಿನಲ್ಲಿ ಅವಳು ಎರಡು ಎಪಿ (ಕಾಲೇಜು ಮಟ್ಟದ) ಕೋರ್ಸ್ ಓದಿದ್ದಾಳೆ, ಸಿ ಗಿಂತ ಕೆಳಗೆ ಇಳಿದಿಲ್ಲ. ಒಂದೊಂದು ಕೋರ್ಸಿಗೂ ಸೆಮಿಸ್ಟರಿಗೊಂದು ಪಾಯಿಂಟ್ ಜಾಸ್ತಿ, ಒಟ್ಟು ನಾಲ್ಕು. 84ನ್ನು 24ರಿಂದ ಭಾಗಿಸಿ. 3.5.

ಕ್ಯಾಲಿಫೋರ್ನಿಯಾದವರು ಅರ್ಜಿ ಹಾಕೋಕೆ ಯುಸಿ ಕೇಳೋ ಕನಿಷ್ಠ ಜಿಪಿಎ 3.0. ನಿಮ್ಮ ಮಗಳು ಬಾಗಿಲ ಒಳಗೇ ಇದ್ದಾಳೆ.

ಹಾಗಂತ ಸುಳ್ಳು ಧೈರ್ಯ ಹೇಳಲ್ಲ. ಯುಸಿಯ ಲಾಸ್ ಏಂಜಲೀಸ್ ಕ್ಯಾಂಪಸ್ಸು ಯುಸಿಎಲ್‌ಎಗೆ ಅರ್ಜಿ ಹಾಕಿದ ನೂರರಲ್ಲಿ ಸುಮಾರು 9 ಮಕ್ಕಳಿಗೆ ಸೀಟು. ಬರ್ಕ್‌ಲಿ ಕ್ಯಾಂಪಸ್ಸೂ ಹೆಚ್ಚುಕಡಿಮೆ ಅದೇ ಜಾತಿ. ಅಲ್ಲಿ ಎಲ್ಲಾ ಎ ಇರೋ ಮಕ್ಕಳೇ ವಾಪಸ್ ಬರುತ್ತಾರೆ. ಅಮ್ಮನ ಕಾಯಿಲೆ ಓದಿದವರ ಮನಸ್ಸು ಕರಗಬಹುದು, ಆದರೆ ಕರಗಿದ ಮನಸ್ಸು ಸೀಟು ಹುಟ್ಟಿಸಲ್ಲ. ಒಂದು ಅರ್ಜಿ ಹಾಕಲಿ, ಅದನ್ನೇ ಕನಸು ಮಾಡಿಕೊಳ್ಳೋದು ಬೇಡ. ಯುಸಿಯದೇ ಮರ್ಸೆಡ್, ರಿವರ್‌ಸೈಡ್, ಸಾಂತಾ ಕ್ರೂಜ್ ಕ್ಯಾಂಪಸ್ಸುಗಳು ಪಟ್ಟಿಯಲ್ಲಿ ಇರಲೇಬೇಕು. ರಾಜ್ಯದ ಇನ್ನೊಂದು ಸರ್ಕಾರಿ ವಿಶ್ವವಿದ್ಯಾಲಯ ಕ್ಯಾಲ್ ಸ್ಟೇಟ್‌ನ ಎರಡು ಮೂರು ಕ್ಯಾಂಪಸ್ಸೂ ಇರಲಿ. ಅಲ್ಲಿ ಹೆಚ್ಚಿನ ಕಡೆ ಎಸ್ಸೇನೇ ಇಲ್ಲ, ಜಿಪಿಎ ಮತ್ತು ವಿಷಯ ನೋಡುತ್ತಾರೆ. ಕಷ್ಟ ಹೇಳಿಕೊಳ್ಳೋಕೆ ಜಾಗ ಕಡಿಮೆ, ಆದರೆ ಹೇಳಿಕೊಳ್ಳದೆಯೇ ಸೀಟು ಸಿಗೋ ಸಾಧ್ಯತೆ ಜಾಸ್ತಿ. ಎಸ್‌ಎಟಿ ಪ್ರವೇಶ ಪರೀಕ್ಷೆಯ ಕ್ಲಾಸಿಗೆ ದುಡ್ಡು ಕಟ್ಟೋ ಯೋಚನೆ ಇದ್ದರೆ ನಿಲ್ಲಿಸಿ. ಯುಸಿ, ಕ್ಯಾಲ್ ಸ್ಟೇಟ್ ಎರಡೂ ಅಡ್ಮಿಷನ್‌ಗೆ ಅದನ್ನು ನೋಡೋದೇ ಇಲ್ಲ.

ಡಿ ಕಾಣದ ಹಾಗೆ ಮಾಡೋ ಮಾತಂತೂ ಬೇಡವೇ ಬೇಡ. ಯುಸಿ ಅರ್ಜಿಯಲ್ಲಿ ಗ್ರೇಡುಗಳನ್ನು ನೀವೇ ಟೈಪ್ ಮಾಡಬೇಕು, ಯಾರೂ ಕೂಡಲೇ ಚೆಕ್ ಮಾಡಲ್ಲ ಅನಿಸುತ್ತದೆ. ಸೀಟು ಸಿಕ್ಕಮೇಲೆ ಬೇಸಿಗೆಯಲ್ಲಿ ಸ್ಕೂಲಿಂದ ಟ್ರಾನ್‌ಸ್ಕ್ರಿಪ್ಟ್ ಹೋಗುತ್ತದಲ್ಲ, ಆಗ ತಾಳೆ ನೋಡುತ್ತಾರೆ. ತಾಳೆ ಆಗದಿದ್ದರೆ ಕೊಟ್ಟ ಸೀಟನ್ನೇ ವಾಪಸ್ ಪಡೆಯಬಹುದು. ಡಿ ಯನ್ನೂ ಹಾಕಿ, ಬೇಸಿಗೆಯ ಬಿ ಯನ್ನೂ ಹಾಕಿ. ನನ್ನನ್ನು ಕೇಳಿದರೆ, ಅವೆರಡು ಒಟ್ಟಿಗೆ ಕಾಣೋದೇ ಚೆನ್ನ.

ಈಗ ನಿಮ್ಮ ಜೊತೆ ಸ್ವಲ್ಪ ಜಗಳ ಆಡಬೇಕು. ಮನೆ ಮಾತು ಮನೆಯಲ್ಲೇ ಇರಲಿ ಅಂದಿರಲ್ಲ, ಅದರ ಬಗ್ಗೆ.

ನಾನು ಪಬ್ಲಿಕ್ ಹೈಸ್ಕೂಲೊಂದರಲ್ಲಿ 19 ವರ್ಷ, ಮಕ್ಕಳ ಓದು, ಕಾಲೇಜು ಅರ್ಜಿ ನೋಡಿಕೊಳ್ಳೋ ಕೌನ್ಸೆಲರ್ ಆಗಿದ್ದೆ. ಅಲ್ಲಿ ಒಬ್ಬ ಹುಡುಗ ಇದ್ದ. 11ನೇ ಕ್ಲಾಸಿನಲ್ಲಿ ಗ್ರೇಡು ದಡದಡ ಇಳಿಯಿತು. ಕರೆದು ಕೂರಿಸಿ ಕೇಳಿದೆ. 'ನಥಿಂಗ್, ಐಯಾಮ್ ಫೈನ್' ಅಂದ. ನನ್ನ ಹತ್ತಿರ ಅವನ ಹಾಗೆ ಮುನ್ನೂರು ಚಿಲ್ಲರೆ ಮಕ್ಕಳಿದ್ದರು. ಫೈನ್ ಅಂದವನನ್ನು ಫೈನ್ ಅಂತಲೇ ಬಿಟ್ಟೆ. ಕಾಲೇಜಿಗೆ ಕಳಿಸೋ ಪತ್ರದಲ್ಲಿ 'ಮರ್ಯಾದಸ್ಥ ಹುಡುಗ, ಓದಿನ ಕಡೆ ಇನ್ನಷ್ಟು ಗಮನ ಕೊಟ್ಟರೆ ಮುಂದೆ ಬರುತ್ತಾನೆ' ಅಂತ ಬರೆದೆ. ಏಪ್ರಿಲ್‌ನಲ್ಲಿ ಎಲ್ಲಾ ಕಡೆಯಿಂದ ಇಲ್ಲ ಅಂತ ಬಂದಮೇಲೆ ಅವನ ತಾಯಿ ನನ್ನ ರೂಮಿಗೆ ಬಂದರು. ಗಂಡನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಬೆಳಗ್ಗೆ ಐದಕ್ಕೆ ಕರೆದುಕೊಂಡು ಹೋಗಿ ಬಿಡುತ್ತಿದ್ದವನು ಇದೇ ಹುಡುಗ. ಮೊದಲ ಪೀರಿಯಡ್ಡಿನಲ್ಲಿ ನಿದ್ದೆ ಮಾಡುತ್ತಾನೆ ಅಂತ ಟೀಚರ್ ನನಗೆ ಎರಡು ಸಲ ದೂರು ಕೊಟ್ಟಿದ್ದರು. 'ಇನ್ನಷ್ಟು ಗಮನ ಕೊಟ್ಟರೆ' ಅಂತ ಬರೆದ ಆ ಪತ್ರದ ಪ್ರತಿ ನನ್ನ ಹತ್ತಿರ ಈಗಲೂ ಇದೆ. ಎಸೆಯೋಕೆ ಆಗಿಲ್ಲ.

ತಪ್ಪು ನನ್ನದೂ ಇತ್ತು, ಇನ್ನೊಂದು ಸಲ ಕೇಳಬೇಕಿತ್ತು. ಆದರೆ ಮನೆಯವರು ಮೊದಲೇ ಒಂದು ಇಮೇಲ್ ಹಾಕಿದ್ದರೆ ಸಾಕಿತ್ತು.

ನಿಮ್ಮ ಮಗಳ ಟಿಪ್ಪಣಿ ಓದಿದಾಗ ಆ ಹುಡುಗ ನೆನಪಾದ. ಟಿಪ್ಪಣಿ ಶುರುವಾಗೋದೇ 'ಬದುಕು ಒಂದೇ ಕ್ಷಣದಲ್ಲಿ ಬದಲಾಗಬಹುದು ಎಂದು ಅಂದು ನನಗೆ ಅರಿವಾಯಿತು' ಅಂತ. ಇದು ಅವಳ ಮಾತಲ್ಲ, ಕನ್ಸಲ್ಟೆಂಟ್ ಮಾತು. ಬಿರುಗಾಳಿ, ಕತ್ತಲೆ, ಸುರಂಗದ ಕೊನೆಯ ಬೆಳಕು ಎಲ್ಲಾ ಸಾಲಾಗಿ ಬರುತ್ತವೆ. ಆದರೆ ಮೂರನೇ ಪ್ಯಾರಾದ ಮಧ್ಯೆ, ಬೇಡವೋ ಬೇಕೋ ಎನ್ನುವಂತೆ, ಒಂದು ಸಾಲಿದೆ: ಕೀಮೋ ಇರುತ್ತಿದ್ದದ್ದು ಗುರುವಾರ, ಕೆಮಿಸ್ಟ್ರಿ ಲ್ಯಾಬ್ ಕೂಡ ಗುರುವಾರ. ನನಗೆ ಬೇಕಾದದ್ದು ಅದೊಂದೇ ಸಾಲು. ಡಿ ಯಾಕೆ ಬಂತು ಅನ್ನೋದು ಅಲ್ಲಿದೆ. ಅಷ್ಟು ದೊಡ್ಡ ಕಾಯಿಲೆಯಿಂದ ಒಂದು ನಿರ್ದಿಷ್ಟ ಗ್ರೇಡಿಗೆ ದಾರಿ ತೋರಿಸೋ ಸಾಲು. ನಿಮಗೂ ಗೊತ್ತಿರಲಿಲ್ಲ ಅಲ್ವಾ? ಪತ್ರದಲ್ಲಿ ನೀವು ಅದನ್ನು ಬರೆದಿಲ್ಲ.

ನಾನು ಗೀಚಿ ಹಾಕಿ ಉಳಿಸಿದ್ದು ಇಷ್ಟು. ಅವಳು ಇಂಗ್ಲಿಷಿನಲ್ಲಿ ತನ್ನದೇ ಮಾತಿನಲ್ಲಿ ಬರೆಯಲಿ:

'10ನೇ ಕ್ಲಾಸಿನ ಮಾರ್ಚ್‌ನಲ್ಲಿ ಅಮ್ಮನಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾಯಿತು. ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಮೂರು ವಾರಕ್ಕೊಮ್ಮೆ ಗುರುವಾರ ಕೀಮೋ ಇತ್ತು. ಅಪ್ಪನಿಗೆ ರಜೆ ಸಿಗದ ದಿನ ನಾನು ಜೊತೆಗೆ ಹೋಗುತ್ತಿದ್ದೆ. ಗುರುವಾರ ಕೆಮಿಸ್ಟ್ರಿ ಲ್ಯಾಬ್. ನಾಲ್ಕು ಲ್ಯಾಬ್ ತಪ್ಪಿದವು. ಟೀಚರ್‌ಗೆ ಕಾರಣ ಹೇಳಲಿಲ್ಲ, ಹಾಗಾಗಿ ನಾಲ್ಕಕ್ಕೂ ಸೊನ್ನೆ ಬಂತು. ಸಂಜೆ ತಮ್ಮನನ್ನು ಸ್ಕೂಲಿಂದ ಕರೆತಂದು, ಊಟ ಹಾಕಿ, ಮಲಗಿಸುವುದು ನನ್ನ ಕೆಲಸವಾಗಿತ್ತು. ಅಮ್ಮನ ಚಿಕಿತ್ಸೆ ಫೆಬ್ರವರಿಯಲ್ಲಿ ಮುಗಿಯಿತು. ಬೇಸಿಗೆಯಲ್ಲಿ ಕೆಮಿಸ್ಟ್ರಿ ಮತ್ತೆ ಓದಿ ಬಿ ತೆಗೆದೆ.'

ಸಾಕು. ಇದಕ್ಕೆ ಇನ್ನೊಂದು ವಿಶೇಷಣ ಸೇರಿಸಿದರೂ ತೂಕ ಕಮ್ಮಿ ಆಗುತ್ತದೆ.

ಇದನ್ನು ಎಲ್ಲಿ ಹಾಕಬೇಕು? ಯುಸಿ ಅರ್ಜಿಯಲ್ಲಿ ಹೆಚ್ಚಿನ ಮಾಹಿತಿ ಬರೆಯೋಕೆ ಅಂತಲೇ ಜಾಗ ಇದೆ. ಅಲ್ಲಿ ಹಾಕಿದರೆ ಸಾಕು. ಯುಸಿ ಎಂಟು ಪ್ರಶ್ನೆ ಕೊಟ್ಟು ನಾಲ್ಕಕ್ಕೆ ಉತ್ತರ ಕೇಳುತ್ತದೆ, ಒಂದೊಂದಕ್ಕೆ 350 ಪದ. ಐದನೇ ಪ್ರಶ್ನೆ ಇದೇ: ನೀನು ಎದುರಿಸಿದ ದೊಡ್ಡ ಸವಾಲು ಯಾವುದು, ಅದರಿಂದ ಓದಿನ ಮೇಲೆ ಏನಾಯಿತು. ಆದರೆ ಅದನ್ನೇ ಆರಿಸಿಕೊಳ್ಳಬೇಕು ಅಂತ ಕಾನೂನಿಲ್ಲ. ಮಗಳು ಒಲ್ಲೆ ಅಂದರೆ ಬಿಟ್ಟುಬಿಡಿ. ಉಳಿದ ಏಳರಲ್ಲಿ ನಾಲ್ಕು ಆರಿಸಿಕೊಂಡು ತನಗೆ ಇಷ್ಟವಾದದ್ದು ಬರೆಯಲಿ. ತಾಯಿಯ ಕಾಯಿಲೆಯನ್ನು ಯಾರಿಗೆ, ಎಷ್ಟು, ಯಾವಾಗ ಹೇಳಬೇಕು ಅನ್ನೋದು ಆ ಹುಡುಗಿಗೂ ತಾಯಿಗೂ ಬಿಟ್ಟದ್ದು. ಕನ್ಸಲ್ಟೆಂಟ್‌ಗೆ ನನ್ನ ಪರವಾಗಿ ಹೇಳಿ, ಅರ್ಜಿ ಓದೋರು ಸಿನಿಮಾ ನೋಡೋಕೆ ಕೂತಿರಲ್ಲ. ದಿನಕ್ಕೆ ಎಷ್ಟೋ ಫೈಲ್ ತೆರೆಯೋರಿಗೆ ಬೇಕಾದದ್ದು ಯಾವ ತಿಂಗಳಲ್ಲಿ ಏನಾಯಿತು, ಈಗ ಹೇಗಿದೆ ಅನ್ನೋ ಎರಡು ಉತ್ತರ.

ಪ್ರೈವೇಟ್ ಕಾಲೇಜಿಗೂ ಹಾಕೋದಾದರೆ, ಹಲವು ಕಾಲೇಜಿಗೆ ಒಂದೇ ಅರ್ಜಿಯಾದ ಕಾಮನ್ ಆಪ್‌ನಲ್ಲಿ 'ಸವಾಲುಗಳು, ಸಂದರ್ಭಗಳು' ಅನ್ನೋ ಅರ್ಥದ ಒಂದು ಐಚ್ಛಿಕ ಪ್ರಶ್ನೆ ಇದೆ, 250 ಪದ. ಮೊದಲು ಅದೇ ಜಾಗದಲ್ಲಿ ಕೋವಿಡ್‌ನಂಥ ದೊಡ್ಡ ಅಡೆತಡೆಗಳ ಬಗ್ಗೆ ಕೇಳುತ್ತಿದ್ದರು, 2025ರಲ್ಲಿ ಬದಲಾಯಿಸಿದರು. ಅಲ್ಲಿ ಇದೇ ಟಿಪ್ಪಣಿ ಸಾಕು. ಆ ಕಾಲೇಜುಗಳಿಗೆ ಹೆಚ್ಚಾಗಿ ಕೌನ್ಸೆಲರ್ ಪತ್ರವೂ ಹೋಗುತ್ತದೆ. ಆದ್ದರಿಂದ ಈ ವಾರವೇ, ಸೋಮವಾರ ಬೆಳಗ್ಗೆಯೇ, ನೀವು ಸ್ಕೂಲ್ ಕೌನ್ಸೆಲರ್‌ಗೆ ಇಮೇಲ್ ಹಾಕಿ. ಮಗಳ ಕೈಲಿ ಹಾಕಿಸಬೇಡಿ, ನೀವು ಹಾಕಿ. ಆರು ಸಾಲು ಸಾಕು. ಸುಮ್ಮನಿರು ಅಂತ ಅವಳಿಗೆ ಹೇಳಿದವರು ನೀವೇ ಆದ್ದರಿಂದ, ಮಾತಾಡು ಅಂತ ತೋರಿಸಬೇಕಾದವರೂ ನೀವೇ. ಅವಳು ಆ ನಾಲ್ಕು ಸೊನ್ನೆ ಒಪ್ಪಿಕೊಂಡದ್ದು ನಿಮ್ಮ ಮಾತು ಮೀರಬಾರದು ಅಂತ. ಲ್ಯಾಬ್ ತಪ್ಪಿದ್ದಕ್ಕೆ ಇಂಥ ಕಾರಣ ಇದೆ ಅಂದರೆ ಇನ್ನೊಂದು ದಿನ ಮಾಡಿಸದ ಟೀಚರ್‌ಗಳನ್ನು ನಾನು ನೋಡಿರೋದು ಕಡಿಮೆ.

'ಚಟುವಟಿಕೆ ಏನೂ ಇಲ್ಲ' ಅಂದಿರಿ. ಏಳು ವರ್ಷದ ಹುಡುಗನಿಗೆ ದಿನಾ ಊಟ ಹಾಕಿ ಮಲಗಿಸೋದು ಏನು ಮತ್ತೆ? ಕಾಮನ್ ಆಪ್‌ನ ಚಟುವಟಿಕೆ ಪಟ್ಟಿಯಲ್ಲಿ ಮನೆ ಜವಾಬ್ದಾರಿ ಅನ್ನೋದೇ ಒಂದು ವಿಭಾಗ. ಹತ್ತು ಸಾಲು ಕೊಟ್ಟಿರುತ್ತಾರೆ, ಒಂದೊಂದು ವಿವರಣೆಗೆ 150 ಅಕ್ಷರ. ಯುಸಿಯಲ್ಲಿ 20 ಸಾಲು. ವಾರಕ್ಕೆ ಎಷ್ಟು ಗಂಟೆ ಅಂತ ಕೇಳುತ್ತಾರೆ. ಮಗಳ ಜೊತೆ ಕೂತು ಲೆಕ್ಕ ಹಾಕಿ. ಸಂಜೆ ನಾಲ್ಕರಿಂದ ಎಂಟರವರೆಗೆ ವಾರಕ್ಕೆ ಐದು ದಿನ ಅಂದರೂ 20 ಗಂಟೆ. ಡಿಬೇಟ್ ಕ್ಲಬ್ಬಿನ ಅಧ್ಯಕ್ಷರು ಇದರ ಅರ್ಧ ಮಾಡಲ್ಲ.

ಇನ್ನೊಂದು ವಿಷಯ, ಈ ಸೆಮಿಸ್ಟರ್. ಅರ್ಜಿ ಹಾಕಿಯಾಯಿತು ಅಂತ ಸಡಿಲ ಬಿಡೋದಲ್ಲ. ಎಷ್ಟೋ ಪ್ರೈವೇಟ್ ಕಾಲೇಜುಗಳು 12ನೇ ಕ್ಲಾಸಿನ ಮೊದಲರ್ಧದ ಗ್ರೇಡು ತರಿಸಿ ನೋಡುತ್ತವೆ. ಕಷ್ಟದಿಂದ ಗ್ರೇಡು ಇಳಿಯಿತು ಅಂದವಳ ಗ್ರೇಡು ಕಷ್ಟ ಮುಗಿದ ಮೇಲೆ ಏರಿದ್ದು ಕಾಣಬೇಕು. ನಿಮ್ಮ ಮಗಳದ್ದು ಆಗಲೇ 13ರಿಂದ 22ಕ್ಕೆ ಏರಿದೆ. ನನ್ನ ಕಣ್ಣಿಗೆ ಆ ಶೀಟಿನಲ್ಲಿ ಮೊದಲು ಬಿದ್ದದ್ದು ಅದು, ಡಿ ಅಲ್ಲ.

ಪ್ರಶ್ನೆ: ಆಂಟಿ, ನಾನು ಟೆಕ್ಸಸ್‌ನಲ್ಲಿ 12ನೇ ಕ್ಲಾಸು. ಹೋದ ವರ್ಷ ನನಗೆ ಡಿಪ್ರೆಷನ್ ಆಗಿತ್ತು, ಡಾಕ್ಟರ್ ಹತ್ತಿರ ಹೋಗಿದ್ದೆ. ರ‍್ಯಾಂಕ್ ಟಾಪ್ 4 ಪರ್ಸೆಂಟ್‌ನಿಂದ 14ಕ್ಕೆ ಬಿತ್ತು. ಯುನಿವರ್ಸಿಟಿ ಆಫ್ ಟೆಕ್ಸಸ್‌ನ ಆಸ್ಟಿನ್ ಕ್ಯಾಂಪಸ್ಸಿಗೆ ರ‍್ಯಾಂಕ್ ಮೇಲೇ ಸಿಗೋ ಆಟೊ ಅಡ್ಮಿಷನ್ ಹೋಯಿತು. ಕಾರಣ ಬರೆದರೆ ಹುಚ್ಚ ಅಂದುಕೊಳ್ಳುತ್ತಾರೆ ಅಂತ ಅಮ್ಮ ಹೇಳುತ್ತಾರೆ. ಬರೆಯಲಾ, ಬೇಡವಾ?

ಉತ್ತರ: ಮಗೂ, ಆಟೊ ಅಡ್ಮಿಷನ್ ಅನ್ನೋದು ಕಿವುಡು ಮಿಷನ್. ಟೆಕ್ಸಸ್‌ನ ಟಾಪ್ 10 ಪರ್ಸೆಂಟ್ ಕಾನೂನು 1997ರದ್ದು. ಆಸ್ಟಿನ್ ಕ್ಯಾಂಪಸ್ಸಿಗೆ ಈಗ ಅದು ಟಾಪ್ 5ಕ್ಕೆ ಇಳಿದಿದೆ. ಅದು ರ‍್ಯಾಂಕ್ ಮಾತ್ರ ಕೇಳುತ್ತದೆ, ಯಾಕೆ ಬಿತ್ತು ಅಂತ ಕೇಳಲ್ಲ. ಆದರೆ ರ‍್ಯಾಂಕ್ ಬಿದ್ದರೆ ಅರ್ಜಿ ಕಸದ ಬುಟ್ಟಿಗೆ ಹೋಗಲ್ಲ. ಅದನ್ನು ಮನುಷ್ಯರು ಓದುತ್ತಾರೆ. ಪೈಪೋಟಿ ಜೋರು, ಕಂಪ್ಯೂಟರ್ ಸೈನ್ಸ್ ಕೇಳಿದರೆ ಇನ್ನೂ ಜೋರು. ಆಸ್ಟಿನ್‌ನವರ ಅರ್ಜಿಯಲ್ಲೇ ಓದಿನ ಮೇಲೆ ಪರಿಣಾಮ ಬೀರಿದ ವಿಶೇಷ ಸಂದರ್ಭ ಇದ್ದರೆ ಹೇಳಿ ಅಂತ ಒಂದು ಐಚ್ಛಿಕ ಪ್ರಶ್ನೆ ಇದೆ. ಅಲ್ಲಿ ಬರಿ.

ಕಾಯಿಲೆಯ ಹೆಸರು ಬರೆಯಲೇಬೇಕು ಅಂತಿಲ್ಲ. 'ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಆರೋಗ್ಯದ ತೊಂದರೆ ಇತ್ತು, ಚಿಕಿತ್ಸೆ ತೆಗೆದುಕೊಂಡೆ, ಇಷ್ಟು ದಿನ ಸ್ಕೂಲ್ ತಪ್ಪಿತು, ಜನವರಿಯಿಂದ ಪೂರ್ತಿ ಹಾಜರಿ' ಅಂದರೆ ಸುಳ್ಳೂ ಆಗಲಿಲ್ಲ, ಎಲ್ಲಾ ಬಿಚ್ಚಿಟ್ಟ ಹಾಗೂ ಆಗಲಿಲ್ಲ. ಹೆಸರು ಬರೆಯೋಕೆ ನಿನಗೆ ಇಷ್ಟ ಇದ್ದರೆ ಅದೂ ತಪ್ಪಲ್ಲ. ಅಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ನಮ್ಮ ಕಾಲದಲ್ಲಿ ಆ ಕಾಯಿಲೆಗೆ ಬೇರೆ ಹೆಸರೇ ಇರಲಿಲ್ಲ, ಎಲ್ಲದಕ್ಕೂ ಒಂದೇ ಬೈಗುಳ. ಅವರಿಗೆ ನಿನ್ನ ಭಯ, ನಿನಗೆ ಕಾಲೇಜಿನ ಭಯ.

ಪತ್ರದ ಕೊನೆಯಲ್ಲಿ ಪೆನ್ಸಿಲಿನಲ್ಲಿ ಬರೆದು ಅಳಿಸಿದ ಸಾಲನ್ನೂ ಓದಿದೆ. ಅದನ್ನು ಇಲ್ಲಿ ಹಾಕಲ್ಲ. ಮತ್ತೆ ಹಾಗೆ ಅನಿಸಿದ ರಾತ್ರಿ, ಮನಸ್ಸಿನ ಕಷ್ಟಕ್ಕೆ ಅಂತಲೇ ಇರೋ 988 ಸಹಾಯವಾಣಿಗೆ ಫೋನ್ ಮಾಡು, ಇಲ್ಲವೇ ಮೆಸೇಜ್ ಮಾಡು. ಹಗಲೂ ರಾತ್ರಿ ಇರುತ್ತಾರೆ. ಡಾಕ್ಟರ್ ಹತ್ತಿರ ಹೋಗೋದನ್ನು ಅರ್ಜಿಯ ಗಡಿಬಿಡಿಯಲ್ಲಿ ನಿಲ್ಲಿಸಬೇಡ.

ಪ್ರಶ್ನೆ: ನಾವು ಸ್ಯಾನ್ ಹೋಸೆ ಕಡೆಯವರು. ನಮ್ಮೆಜಮಾನರಿಗೆ ಆಕ್ಸಿಡೆಂಟ್ ಆದ ವರ್ಷ ಮಗನ ಗ್ರೇಡು ಪೂರ್ತಿ ಬಿತ್ತು, ಜಿಪಿಎ 2.4. ಕಮ್ಯುನಿಟಿ ಕಾಲೇಜಿಗೆ ಸೇರುತ್ತೇನೆ ಎನ್ನುತ್ತಾನೆ. ಸ್ನೇಹಿತರ ಮಕ್ಕಳೆಲ್ಲಾ ದೊಡ್ಡ ದೊಡ್ಡ ಕಡೆ ಹೋಗುತ್ತಿದ್ದಾರೆ. ಕನ್ನಡ ಕೂಟದಲ್ಲಿ ಕೇಳಿದರೆ ಏನು ಹೇಳಲಿ?

ಉತ್ತರ: ಯಾವ ಕಾಲೇಜು ಅಂತ ಕೇಳಿದರೆ ಹೆಸರು ಹೇಳಿ, ಆಮೇಲೆ ಪಲ್ಯ ಬಡಿಸಿಕೊಳ್ಳಿ.

ನಿಮ್ಮ ಮಗ ನಮ್ಮೆಲ್ಲರಿಗಿಂತ ಜಾಣ. ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ ಮೂರನೇ ವರ್ಷಕ್ಕೆ ಯುಸಿಗೆ ಹಾಕಿದಾಗ ಅವರು ನೋಡೋದು ಆ ಎರಡು ವರ್ಷದ ಗ್ರೇಡು. ಹೈಸ್ಕೂಲಿನ 2.4ನ್ನು ಯಾರೂ ತೆಗೆದು ನೋಡಲ್ಲ. ಕಮ್ಯುನಿಟಿ ಕಾಲೇಜಿನಲ್ಲಿ ಕ್ಯಾಲಿಫೋರ್ನಿಯಾದವರಿಗೆ ಫೀಸು ಒಂದು ಯೂನಿಟ್ಟಿಗೆ 46 ಡಾಲರ್. ಡೇವಿಸ್, ಅರ್ವೈನ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್, ರಿವರ್‌ಸೈಡ್, ಮರ್ಸೆಡ್ ಈ ಆರು ಯುಸಿ ಕ್ಯಾಂಪಸ್ಸುಗಳು ಇಂಥ ಮಕ್ಕಳ ಜೊತೆ ಟ್ಯಾಗ್ ಅನ್ನೋ ಒಪ್ಪಂದ ಮಾಡಿಕೊಳ್ಳುತ್ತವೆ. ಹೇಳಿದ ವಿಷಯ ಓದಿ ಹೇಳಿದ ಗ್ರೇಡು ತೆಗೆದರೆ ಸೀಟು ಖಾತ್ರಿ. ಒಂದು ಕ್ಯಾಂಪಸ್ಸಿಗೆ ಮಾತ್ರ ಹಾಕಬಹುದು, ಅರ್ಜಿ ಸೆಪ್ಟೆಂಬರ್‌ನಲ್ಲಿ. ಬರ್ಕ್‌ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೊ ಅದರಲ್ಲಿ ಇಲ್ಲ, ಆದರೆ ಟ್ರಾನ್ಸ್‌ಫರ್ ಮಕ್ಕಳನ್ನು ಅವೂ ತೆಗೆದುಕೊಳ್ಳುತ್ತವೆ.

ಸೇರಿದ ಮೊದಲ ವಾರವೇ ಟ್ರಾನ್ಸ್‌ಫರ್ ಕೌನ್ಸೆಲರ್‌ನ ನೋಡಲಿ. ಯಾವ ಕೋರ್ಸು ಯಾವ ಯುಸಿಗೆ ನಡೆಯುತ್ತದೆ ಅಂತ ಅಸಿಸ್ಟ್ ಅನ್ನೋ ಅಧಿಕೃತ ವೆಬ್‌ಸೈಟಿನಲ್ಲಿ ಇದೆ. ತಪ್ಪು ಗಣಿತ ತೆಗೆದುಕೊಂಡು ಒಂದು ವರ್ಷ ಕಳೆದುಕೊಂಡ ಮಕ್ಕಳನ್ನು ನಾನು ನೋಡಿದ್ದೇನೆ.

ಯಜಮಾನರು ಈಗ ಹೇಗಿದ್ದಾರೆ ಅಂತ ನೀವು ಬರೆಯಲೇ ಇಲ್ಲ. ಮುಂದಿನ ಪತ್ರದಲ್ಲಿ ಬರೆಯಿರಿ.